ದಾಖಲೆ ಮತ್ತು ಐತಿಹ್ಯ: ಆರಂಭಕಾಲದ ದೀರ್ಘದೂರ ಸೈಕಲ್ ಸ್ಪರ್ಧೆಗಳ ಒಂದು ಅಧ್ಯಯನ

ಪ್ರವೇಶ

ಕನ್ನಡದಲ್ಲಿ 'ದಾಖಲೆ' ಎಂಬ ಪದಕ್ಕೆ ಎರಡು ಬಳಕೆಗಳಿವೆ. ಶಾಸನ, ಕಡತ, ಕಾಗದಪತ್ರ ಮೊದಲಾದ ಲಿಖಿತ ಆಧಾರಗಳನ್ನು ನಾವು ದಾಖಲೆ ಎನ್ನುತ್ತೇವೆ. ಆಟೋಟಗಳಲ್ಲಿ ಹಿಂದಿನವರೆಲ್ಲರನ್ನೂ ಮೀರಿಸಿದ ಸಾಧನೆಯನ್ನೂ ದಾಖಲೆ ಎಂದೇ ಕರೆಯುತ್ತೇವೆ. ದಿನಬಳಕೆಯಲ್ಲಿ ಈ ಎರಡು ಅರ್ಥಗಳ ನಡುವಿನ ಸಂಬಂಧ ನಮ್ಮ ಗಮನಕ್ಕೆ ಬರುವುದಿಲ್ಲ. ಎರಡನೆಯದು ನಿಲ್ಲುವುದು ಮೊದಲನೆಯದರ ಮೇಲೆ ಎಂಬುದು ಸ್ಪಷ್ಟವಾಗಿ ಕಾಣುವ ಕ್ಷೇತ್ರಗಳಲ್ಲಿ ದೀರ್ಘದೂರದ ಸೈಕಲ್ ಸ್ಪರ್ಧೆಯೂ ಒಂದು.

ಇದಕ್ಕೆ ಕಾರಣ ಸರಳವಾದುದು. ಸುತ್ತುಪಥದಲ್ಲಿ ನಡೆಯುವ ಸ್ಪರ್ಧೆಯನ್ನು ನೆರೆದವರೆಲ್ಲರೂ ಆದಿಯಿಂದ ಅಂತ್ಯದವರೆಗೆ ನೋಡುತ್ತಾರೆ. ಆಂರಿ ದೆಗ್ರಾಂಜ್ 1893ರ ಮೇ 11ರಂದು ಪ್ಯಾರಿಸ್ಸಿನ ಬುಫಾಲೊ ಸುತ್ತುಪಥದಲ್ಲಿ ಒಂದು ಗಂಟೆಯಲ್ಲಿ 35.325 ಕಿಲೋಮೀಟರ್ ಕ್ರಮಿಸಿದಾಗ, ಆ ಸಾಧನೆಯನ್ನು ಒಪ್ಪಲು ಒಂದು ಗಡಿಯಾರ ಮತ್ತು ಕೆಲವು ಜೊತೆ ಕಣ್ಣುಗಳು ಸಾಕಾಗಿದ್ದವು. ಆದರೆ 1,200 ಕಿಲೋಮೀಟರ್ ದೂರದ ರಸ್ತೆಯಲ್ಲಿ, ಹಗಲು ರಾತ್ರಿಗಳ ಅಂತರವಿಲ್ಲದೆ ಸಾಗುವ ಸವಾರನನ್ನು ಪೂರ್ತಿಯಾಗಿ ನೋಡಿದವರು ಯಾರೂ ಇಲ್ಲ. ಒಂದು ಊರಿನವರು ಅವನು ಬಂದುದನ್ನು ನೋಡುತ್ತಾರೆ. ಮುಂದಿನ ಊರಿನವರು ಹೋದುದನ್ನು ನೋಡುತ್ತಾರೆ. ನಡುವಣ ಕತ್ತಲೆಯಲ್ಲಿ ನಡೆದುದಕ್ಕೆ ಸವಾರನೊಬ್ಬನೇ ಸಾಕ್ಷಿ.

ಈ ಕಾಣದ ಭಾಗವನ್ನು ತುಂಬಲು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಎರಡು ಬಗೆಯ ಸಾಮಗ್ರಿಗಳು ಒಟ್ಟಿಗೆ ಬೆಳೆದವು. ಒಂದು ಬಗೆ ಮುದ್ರೆ, ಸಹಿ, ಅರಗು ಮೊದಲಾದ ಪ್ರಮಾಣಗಳದ್ದು. ಇನ್ನೊಂದು ಬಗೆ ಕಥನಗಳದ್ದು. ಪ್ರಸ್ತುತ ಲೇಖನದಲ್ಲಿ ಮುಖ್ಯವಾಗಿ ಫ್ರಾನ್ಸಿನ ಸ್ಪರ್ಧೆಗಳನ್ನು ಆಧಾರವಾಗಿಟ್ಟುಕೊಂಡು ಈ ಎರಡರ ಸಂಬಂಧವನ್ನು ಜಾನಪದ ಅಧ್ಯಯನದ ನೆಲೆಯಿಂದ ಪರಿಶೀಲಿಸಲು ಪ್ರಯತ್ನಿಸಲಾಗಿದೆ. ಲಿಖಿತವಾದುದು ಸತ್ಯ, ಬಾಯಿಮಾತಿನದು ಕಲ್ಪನೆ ಎಂಬ ವಿಂಗಡಣೆ ಇಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದು ಲೇಖನದ ಮೂಲ ಪ್ರಶ್ನೆ.

ವಾಹನದ ವಿಕಾಸ

ದೂರದ ಕಲ್ಪನೆ ಬದಲಾದುದು ವಾಹನದೊಂದಿಗೆ. ಆದುದರಿಂದ ಯಂತ್ರದ ಸ್ವರೂಪವನ್ನು ಮೊದಲು ಸಂಕ್ಷಿಪ್ತವಾಗಿ ಗಮನಿಸುವುದು ಅಗತ್ಯ.

1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದ ವಾಹನದಲ್ಲಿ ಪೆಡಲುಗಳನ್ನು ನೇರವಾಗಿ ಮುಂದಿನ ಚಕ್ರದ ಅಚ್ಚಿಗೇ ಜೋಡಿಸಲಾಗಿತ್ತು. ಮರದ ಚಕ್ರಗಳಿಗೆ ಕಬ್ಬಿಣದ ಪಟ್ಟಿ ಬಿಗಿದಿದ್ದ ಈ ಗಾಡಿ ಕಲ್ಲುಹಾಸಿನ ಬೀದಿಯಲ್ಲಿ ಸವಾರನ ಮೈಯನ್ನು ಕುಲುಕುತ್ತಿದ್ದುದರಿಂದ ಇಂಗ್ಲೆಂಡಿನಲ್ಲಿ ಇದಕ್ಕೆ 'ಮೂಳೆ ಅಲುಗಿಸುವ ಗಾಡಿ' ಎಂಬರ್ಥದ ಅಡ್ಡಹೆಸರು ಬಿದ್ದಿತ್ತು. 1869ರ ನವೆಂಬರ್ 7ರಂದು ಪ್ಯಾರಿಸ್ಸಿನಿಂದ ರೂಆಂ ನಗರಕ್ಕೆ ನಡೆದ ಸುಮಾರು 123 ಕಿಲೋಮೀಟರ್ ದೂರದ ಸ್ಪರ್ಧೆಯನ್ನು ಊರಿನಿಂದ ಊರಿಗೆ ನಡೆದ ಸೈಕಲ್ ಪಂದ್ಯಗಳಲ್ಲಿ ಮೊದಲನೆಯದೆಂದು ಪರಿಗಣಿಸಲಾಗುತ್ತದೆ. ಅದನ್ನು ಗೆದ್ದ ಜೇಮ್ಸ್ ಮೂರ್ ತೆಗೆದುಕೊಂಡ ಕಾಲ ಹತ್ತೂವರೆ ಗಂಟೆಗಳಿಗೂ ಹೆಚ್ಚು. ಇಂದಿನ ಸಾಮಾನ್ಯ ಸವಾರನಿಗೂ ನಿಧಾನವೆನಿಸುವ ವೇಗವಿದು. ಗಾಡಿಯನ್ನೂ ರಸ್ತೆಯನ್ನೂ ನೆನೆದಾಗ ಅದರ ಬೆಲೆ ತಿಳಿಯುತ್ತದೆ.

ಪೆಡಲು ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು ತಿರುಗುವ ವ್ಯವಸ್ಥೆಯಲ್ಲಿ ಹೆಚ್ಚು ದೂರ ಸಾಗಬೇಕಾದರೆ ಚಕ್ರವನ್ನೇ ದೊಡ್ಡದು ಮಾಡಬೇಕು. 1870ರ ದಶಕದ ಎತ್ತರ ಚಕ್ರದ ಸೈಕಲ್ಲು ಹುಟ್ಟಿದುದು ಈ ಲೆಕ್ಕಾಚಾರದಿಂದ. ಚಕ್ರದ ಗಾತ್ರಕ್ಕೆ ಸವಾರನ ಕಾಲಿನ ಉದ್ದವೇ ಮಿತಿಯಾಗಿತ್ತು. 1886ರಲ್ಲಿ ಹತ್ತೊಂಬತ್ತರ ಹರೆಯದ ಜಿ.ಪಿ. ಮಿಲ್ಸ್ ಬ್ರಿಟನ್ನಿನ ನೈರುತ್ಯ ತುದಿಯಾದ ಲ್ಯಾಂಡ್ಸ್ ಎಂಡ್‌ನಿಂದ ಉತ್ತರ ತುದಿಯ ಜಾನ್ ಓ ಗ್ರೋಟ್ಸ್‌ವರೆಗಿನ ಸುಮಾರು 1,400 ಕಿಲೋಮೀಟರ್ ದೂರವನ್ನು ಇಂಥ ಸೈಕಲ್ಲಿನ ಮೇಲೆ 5 ದಿನ 1 ಗಂಟೆ 45 ನಿಮಿಷಗಳಲ್ಲಿ ಕ್ರಮಿಸಿದ. ಎತ್ತರ ಚಕ್ರದ ಸೈಕಲ್ಲಿನ ಈ ದಾಖಲೆ 133 ವರ್ಷಗಳ ಕಾಲ ಉಳಿದು, 2019ರಲ್ಲಿ ರಿಚರ್ಡ್ ತೋಡೆಯವರಿಂದ ಮುರಿಯಲ್ಪಟ್ಟಿತು. ಅಳಿದುಹೋದ ಯಂತ್ರವೊಂದರ ದಾಖಲೆಯನ್ನು ಅದೇ ಬಗೆಯ ಯಂತ್ರದ ಮೇಲೆಯೇ ಮುರಿಯಬೇಕೆಂಬ ಹಟದಲ್ಲಿ ಪರಂಪರೆಯ ಕುರಿತ ಒಂದು ನಿಷ್ಠೆಯನ್ನು ಕಾಣಬಹುದು.

ಎತ್ತರ ಚಕ್ರದ ಕಾಲವನ್ನು ಮುಗಿಸಿದುದು ಚೈನು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ 'ರೋವರ್' ಸೈಕಲ್ಲಿನಲ್ಲಿ ಚೈನಿನ ಮೂಲಕ ಹಿಂದಿನ ಚಕ್ರವನ್ನು ತಿರುಗಿಸುವ ವ್ಯವಸ್ಥೆಯಿತ್ತು. ಹಲ್ಲುಚಕ್ರಗಳ ಅಳತೆಯನ್ನು ಬದಲಿಸಿ ವೇಗ ಪಡೆಯುವುದು ಸಾಧ್ಯವಾದ ಮೇಲೆ ದೊಡ್ಡ ಚಕ್ರದ ಅಗತ್ಯವೇ ಇಲ್ಲವಾಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಹಕ್ಕುಸ್ವಾಮ್ಯ ಪಡೆದ. ಆರಂಭದ ಈ ಟೈರುಗಳನ್ನು ರಿಮ್ಮಿಗೆ ಅಂಟಿಸಲಾಗುತ್ತಿದ್ದುದರಿಂದ ಪಂಕ್ಚರ್ ತೆಗೆಯುವುದು ಗಂಟೆಗಟ್ಟಲೆಯ ಕೆಲಸವಾಗಿತ್ತು. ಫ್ರಾನ್ಸಿನ ಮಿಶೆಲಿನ್ ಸಹೋದರರು 1891ರಲ್ಲಿ ಬಿಚ್ಚಿ ಜೋಡಿಸಬಹುದಾದ ಟೈರನ್ನು ತಂದು ಈ ತೊಡಕನ್ನು ನಿವಾರಿಸಿದರು. ದೀರ್ಘದೂರ ಸ್ಪರ್ಧೆಗಳ ಮಹಾವರ್ಷವೂ ಅದೇ ಆಗಿರುವುದು ಆಕಸ್ಮಿಕವಲ್ಲ.

1891: ಮುದ್ರೆ, ಅರಗು ಮತ್ತು ಸಾಕ್ಷಿ

ಆ ವರ್ಷ ಎರಡು ಸ್ಪರ್ಧೆಗಳು ನಡೆದವು. ಮೇ ತಿಂಗಳಲ್ಲಿ ಬೋರ್ದೊ ನಗರದಿಂದ ಪ್ಯಾರಿಸ್ಸಿಗೆ ನಡೆದ ಸುಮಾರು 570 ಕಿಲೋಮೀಟರ್ ದೂರದ ಪಂದ್ಯವನ್ನು ಅದೇ ಜಿ.ಪಿ. ಮಿಲ್ಸ್ 26 ಗಂಟೆ 34 ನಿಮಿಷಗಳಲ್ಲಿ ಗೆದ್ದ. ಮೊದಲ ನಾಲ್ಕು ಸ್ಥಾನಗಳೂ ಇಂಗ್ಲಿಷರ ಪಾಲಾದವು. ಸವಾರರು ಒಂದೊಂದು ಊರಿನಲ್ಲಿ ತಂಗಿ ಹಲವು ದಿನಗಳಲ್ಲಿ ಬರಬಹುದೆಂಬುದು ಹಲವರ ನಿರೀಕ್ಷೆಯಾಗಿತ್ತು. ಒಂದು ಹಗಲು ಒಂದು ರಾತ್ರಿಯಲ್ಲಿ ಅವರು ಬಂದು ತಲುಪಿದುದು ಮನುಷ್ಯದೇಹದ ಮಿತಿಯ ಕುರಿತ ತಿಳಿವಳಿಕೆಯನ್ನೇ ಬದಲಿಸಿತು.

ಇದರ ಬೆನ್ನಿಗೇ ಪ್ಯಾರಿಸ್ಸಿನ 'ಲ ಪೆತಿ ಜೂರ್ನಾಲ್' ಪತ್ರಿಕೆಯ ಪಿಯೆರ್ ಜಿಫಾರ್ ಇದರ ಇಮ್ಮಡಿ ದೂರದ ಸ್ಪರ್ಧೆಯನ್ನು ಘೋಷಿಸಿದ. ಪ್ಯಾರಿಸ್ಸಿನಿಂದ ಬ್ರಿಟನಿ ಪ್ರಾಂತದ ಪಶ್ಚಿಮ ತೀರದಲ್ಲಿರುವ ಬ್ರೆಸ್ಟ್ ಬಂದರಿಗೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗುವ ಸುಮಾರು 1,200 ಕಿಲೋಮೀಟರ್ ಹಾದಿಯದು. ಫ್ರೆಂಚರಿಗೆ ಮಾತ್ರ ಪ್ರವೇಶವಿತ್ತು. 1891ರ ಸೆಪ್ಟೆಂಬರ್ 6ರ ಬೆಳಗ್ಗೆ ಇನ್ನೂರಕ್ಕೂ ಹೆಚ್ಚು ಸವಾರರು ಹೊರಟರು. ಅವರಲ್ಲಿ ಹಿಂದಿರುಗಿ ಪ್ಯಾರಿಸ್ ಮುಟ್ಟಿದವರು ಸರಿಸುಮಾರು ಅರ್ಧದಷ್ಟು ಜನ.

ಈ ಸ್ಪರ್ಧೆಯ ನಿಯಮಗಳು ನಮ್ಮ ಪ್ರಸ್ತುತ ಚರ್ಚೆಗೆ ಬಹುಮುಖ್ಯವಾದವು. ಹೊರಟ ಸೈಕಲ್ಲಿನಲ್ಲಿಯೇ ಹಿಂದಿರುಗಬೇಕು, ನಡುವೆ ಬದಲಿಸಕೂಡದು. ಅದಕ್ಕಾಗಿ ಹೊರಡುವ ಮೊದಲೇ ಪ್ರತಿಯೊಂದು ಸೈಕಲ್ಲಿಗೂ ಮೊಹರು ಹಾಕಲಾಯಿತು. ಪ್ರತಿ ಸವಾರನಿಗೂ ಒಂದೊಂದು ಪುಸ್ತಿಕೆಯನ್ನು ಕೊಡಲಾಯಿತು. ದಾರಿಯಲ್ಲಿ ಗೊತ್ತುಪಡಿಸಿದ ಊರುಗಳ ತಪಾಸಣೆ ಕೇಂದ್ರಗಳಲ್ಲಿ ಇಳಿದು, ಆ ಪುಸ್ತಿಕೆಗೆ ಸಹಿ ಮತ್ತು ಮುದ್ರೆಗಳನ್ನು ಹಾಕಿಸಿಕೊಂಡು ಮುಂದೆ ಸಾಗಬೇಕಾಗಿತ್ತು. ಕೇಂದ್ರಗಳಿಂದ ತಂತಿ ಸಂದೇಶಗಳು ಪ್ಯಾರಿಸ್ಸಿಗೆ ಹೋಗುತ್ತಿದ್ದವು. ಮೊಹರು ಯಂತ್ರಕ್ಕೆ ಸಾಕ್ಷಿ, ಪುಸ್ತಿಕೆ ಮನುಷ್ಯನಿಗೆ ಸಾಕ್ಷಿ, ತಂತಿ ಕಾಲಕ್ಕೆ ಸಾಕ್ಷಿ. ಹೀಗೆ ಯಾರ ಕಣ್ಣಿಗೂ ಪೂರ್ತಿಯಾಗಿ ಕಾಣದ ಘಟನೆಯೊಂದನ್ನು ಬಿಡಿಬಿಡಿ ಪ್ರಮಾಣಗಳಿಂದ ಕಟ್ಟಿ ನಿಲ್ಲಿಸುವ ಪದ್ಧತಿ ಇಲ್ಲಿ ರೂಪುಗೊಂಡಿತು. ಬ್ರಿಟನ್ನಿನಲ್ಲಿ ರಸ್ತೆ ದಾಖಲೆಗಳನ್ನು ಪರಿಶೀಲಿಸಿ ಅಂಗೀಕರಿಸಲೆಂದೇ 1888ರಲ್ಲಿ ಪ್ರತ್ಯೇಕ ಸಂಘವೊಂದು ಸ್ಥಾಪನೆಯಾಗಿದ್ದುದನ್ನೂ ಇಲ್ಲಿ ನೆನೆಯಬೇಕು. ಸಾಧನೆಗಿಂತಲೂ ಸಾಧನೆಯ ಸಾಬೀತು ಅಂದಿನ ದೊಡ್ಡ ಸಮಸ್ಯೆಯಾಗಿತ್ತು.

ಗೆದ್ದವನು ಮೂವತ್ತನಾಲ್ಕು ವರ್ಷದ ಶಾರ್ಲ್ ತೆರೋಂ. ಮಿಶೆಲಿನ್ ಟೈರುಗಳನ್ನು ಅಳವಡಿಸಿದ್ದ ಹಂಬರ್ ಸೈಕಲ್ಲಿನ ಮೇಲೆ ಆತ 71 ಗಂಟೆ 22 ನಿಮಿಷಗಳಲ್ಲಿ ಹಾದಿಯನ್ನು ಮುಗಿಸಿದ. ಆತನ ಮುಖ್ಯ ಪ್ರತಿಸ್ಪರ್ಧಿ ಜಿಯೆಲ್-ಲಾವಾಲ್ ಡನ್‌ಲಪ್ ಟೈರುಗಳ ಕ್ಲೆಮಾಂ ಸೈಕಲ್ಲನ್ನು ಏರಿದ್ದ. ಬ್ರೆಸ್ಟನ್ನು ಮೊದಲು ತಲುಪಿದವನು ಜಿಯೆಲ್-ಲಾವಾಲ್. ಹಿಂದಿರುಗುವ ಹಾದಿಯಲ್ಲಿ ಆತ ನಿದ್ರೆಗೆ ಇಳಿದಿದ್ದಾಗ ತೆರೋಂ ಸದ್ದಿಲ್ಲದೆ ಅವನನ್ನು ದಾಟಿ ಹೋದ. ಎದ್ದು ನೋಡಿದಾಗ ಪಂದ್ಯ ಕೈಬಿಟ್ಟು ಹೋಗಿತ್ತು. ಎರಡನೆಯವನು ಪ್ಯಾರಿಸ್ ತಲುಪಿದುದು ಹಲವು ಗಂಟೆಗಳ ಬಳಿಕ.

ಪುಸ್ತಿಕೆಯ ಮುದ್ರೆಗಳು ಹೇಳುವುದು ಇಬ್ಬರ ನಡುವಿನ ಗಂಟೆಗಳ ಅಂತರವನ್ನು ಮಾತ್ರ. ಜನರ ನೆನಪಿನಲ್ಲಿ ಉಳಿದುದು ಮಲಗಿದವನು ಮತ್ತು ಎಚ್ಚರವಿದ್ದವನು ಎಂಬ ಜೋಡಿ ಚಿತ್ರ. ಮೊಲ ಮತ್ತು ಆಮೆಯ ಕಥೆಯನ್ನು ಬಲ್ಲ ಯಾವ ಸಮಾಜಕ್ಕೂ ಈ ಚಿತ್ರ ಅಪರಿಚಿತವಲ್ಲ. ಘಟನೆ ನಿಜವಾಗಿ ನಡೆದದ್ದು. ಆದರೆ ನೂರಾರು ಘಟನೆಗಳ ನಡುವೆ ಇದೊಂದೇ ಆಯ್ಕೆಯಾಗಿ ಉಳಿದುದಕ್ಕೆ ಅದರ ಹಳೆಯ ಆಶಯವೇ ಕಾರಣ ಎಂದು ಊಹಿಸಬಹುದು. ಜನಮನ ಕಥೆಯನ್ನು ಕಟ್ಟುವುದು ಹೆಚ್ಚಾಗಿ ಹೊಸ ಸಂಗತಿಯನ್ನು ಸೇರಿಸುವುದರಿಂದಲ್ಲ, ಇರುವ ಸಂಗತಿಗಳಲ್ಲಿ ತನಗೆ ಒಗ್ಗುವುದನ್ನು ಆರಿಸಿಕೊಳ್ಳುವುದರಿಂದ.

ಪುಸ್ತಿಕೆ ದೊರೆಯದವರು

ಪ್ರಮಾಣದ ವ್ಯವಸ್ಥೆ ಬಂದ ಕೂಡಲೇ ಅದರ ಒಳಗೆ ಯಾರಿಗೆ ಸ್ಥಾನ ಎಂಬ ಪ್ರಶ್ನೆಯೂ ಬಂದಿತು. 1869ರ ರೂಆಂ ಸ್ಪರ್ಧೆಯಲ್ಲಿ 'ಮಿಸ್ ಅಮೆರಿಕ' ಎಂಬ ಅಂಕಿತದಲ್ಲಿ ಮಹಿಳೆಯೊಬ್ಬಳು ಪಾಲ್ಗೊಂಡು ಗುರಿ ಮುಟ್ಟಿದ್ದಳು. 1891ರ ಬ್ರೆಸ್ಟ್ ಸ್ಪರ್ಧೆಗೂ ಕೆಲವು ಮಹಿಳೆಯರು ಹೆಸರು ಕೊಟ್ಟಿದ್ದರು. ಅವರಿಗೆ ಅವಕಾಶ ನಿರಾಕರಿಸಲಾಯಿತು. ಪುಸ್ತಿಕೆ ಕೈಗೆ ಸಿಗದವರ ಸಾಮರ್ಥ್ಯಕ್ಕೆ ಮುದ್ರೆಯೂ ಬೀಳಲಿಲ್ಲ. ಆದುದರಿಂದ ಆ ಕಾಲದ ಅಂಕಿಪಟ್ಟಿಯನ್ನು ಓದುವಾಗ ಅದು ಅಂದಿನ ಸವಾರರ ಪಟ್ಟಿಯಲ್ಲ, ಅಂದು ಅನುಮತಿ ಪಡೆದವರ ಪಟ್ಟಿ ಎಂಬ ಎಚ್ಚರವಿರಬೇಕು.

ಹೀಗೆ ಹೊರಗುಳಿದವರಲ್ಲಿ ಕಥನವನ್ನೇ ದಾರಿಯಾಗಿ ಮಾಡಿಕೊಂಡ ಒಬ್ಬಳ ಉದಾಹರಣೆ ಗಮನಾರ್ಹ. ಆನಿ ಕೊಹೆನ್ ಕೊಪ್ಚೋವ್‌ಸ್ಕಿ ಎಂಬ ಮೂರು ಮಕ್ಕಳ ತಾಯಿ 1894ರ ಜೂನ್ ತಿಂಗಳಲ್ಲಿ ಅಮೆರಿಕದ ಬಾಸ್ಟನ್ ನಗರದಿಂದ ಸೈಕಲ್ಲಿನಲ್ಲಿ ಲೋಕ ಸುತ್ತಲು ಹೊರಟಳು. ಲಂಡನ್‌ಡೆರಿ ಎಂಬ ಹೆಸರಿನ ಕುಡಿಯುವ ನೀರಿನ ಕಂಪನಿಯೊಂದು 100 ಡಾಲರ್ ಕೊಟ್ಟುದರಿಂದ ಆ ಕಂಪನಿಯ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು 'ಆನಿ ಲಂಡನ್‌ಡೆರಿ' ಎನಿಸಿದಳು. ಆಕೆಯ ಪ್ರಯಾಣದ ಬಹುಭಾಗ ಹಡಗಿನಲ್ಲಿ ನಡೆಯಿತು. ಆದರೆ 1895ರಲ್ಲಿ ಹಿಂದಿರುಗಿದ ಮೇಲೆ ಆಕೆ ಭಾಷಣಗಳಲ್ಲಿ ಹೇಳಿದ ಕಥೆಗಳು ಬೇರೆಯೇ ಇದ್ದವು. ಭಾರತದಲ್ಲಿ ಜರ್ಮನ್ ರಾಜವಂಶದವರ ಜೊತೆ ಹುಲಿ ಬೇಟೆಯಾಡಿದ ವೃತ್ತಾಂತವೂ ಅವುಗಳಲ್ಲಿ ಒಂದು. ಆಕೆಯ ವಂಶಸ್ಥರಾದ ಪೀಟರ್ ಜೂಟ್ಲಿನ್ ಪತ್ರಿಕಾ ವರದಿಗಳನ್ನು ಕಲೆಹಾಕಿ 2007ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಕಥೆಗಳು ಕಲ್ಪಿತವೆಂಬುದನ್ನು ತೋರಿಸಿದ್ದಾರೆ. ಆಕೆಯನ್ನು ಸುಳ್ಳುಗಾತಿ ಎಂದು ಬದಿಗಿಡುವುದು ಸುಲಭ. ಮುದ್ರೆಯ ವ್ಯವಸ್ಥೆ ತನ್ನನ್ನು ಒಳಗೆ ಬಿಟ್ಟುಕೊಳ್ಳದಿದ್ದಾಗ ಆಕೆ ಅದಕ್ಕಿಂತ ಹಳೆಯದಾದ ಪ್ರವಾಸಕಥನದ ಅಧಿಕಾರವನ್ನು ಬಳಸಿಕೊಂಡಳು ಎಂದು ಅರ್ಥೈಸುವುದು ಹೆಚ್ಚು ಸಮಂಜಸ.

ಭಾರತೀಯರ ಪ್ರಯತ್ನವೊಂದು ಇಲ್ಲಿ ನೆನೆಯತಕ್ಕದ್ದು. 1923ರ ಅಕ್ಟೋಬರ್ 15ರಂದು ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಲೋಕ ಸುತ್ತಲು ಸೈಕಲ್ಲಿನಲ್ಲಿ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ ಮತ್ತು ರುಸ್ತುಂ ಭೂಮ್‌ಗರಾ ಎಂಬ ಮೂವರು ಸುಮಾರು 71,000 ಕಿಲೋಮೀಟರ್ ಸುತ್ತಿ 1928ರ ಮಾರ್ಚ್ 18ರಂದು ಹಿಂದಿರುಗಿದರು. ಅವರ ಪ್ರವಾಸಗ್ರಂಥ 1931ರಲ್ಲಿ ಪ್ರಕಟವಾಯಿತು. ಗ್ರಂಥವೊಂದು ಇದ್ದುದರಿಂದಲೇ ಅವರ ಸಾಧನೆ ಇಂದಿಗೂ ಉಲ್ಲೇಖಕ್ಕೆ ದಕ್ಕುತ್ತಿದೆ.

ಪತ್ರಿಕೆ ಕಟ್ಟಿದ ವೀರಕಥನ

ಈ ಸ್ಪರ್ಧೆಗಳನ್ನು ನಡೆಸಿದವರು ಯಾರು ಎಂಬುದು ಮುಂದಿನ ಪ್ರಶ್ನೆ. ಬಹುಪಾಲು ಪತ್ರಿಕೆಗಳೇ ಎಂಬುದು ಅದಕ್ಕೆ ಉತ್ತರ. ಕಾಣದ ಸ್ಪರ್ಧೆಯನ್ನು ಜನ ಮರುದಿನ ಓದಿಯೇ ತಿಳಿಯಬೇಕಾಗಿದ್ದುದರಿಂದ ಪಂದ್ಯ ನಡೆಸುವುದು ಮತ್ತು ಪತ್ರಿಕೆ ಮಾರುವುದು ಒಂದೇ ಉದ್ಯಮದ ಎರಡು ಮುಖಗಳಾಗಿದ್ದವು.

1900ರಲ್ಲಿ ಜಿಫಾರ್ ಸಂಪಾದಿಸುತ್ತಿದ್ದ 'ಲ ವೆಲೊ' ಕ್ರೀಡಾಪತ್ರಿಕೆಗೆ ಎದುರಾಗಿ ಇನ್ನೊಂದು ಪತ್ರಿಕೆ ಹುಟ್ಟಿಕೊಂಡಿತು. ಫ್ರಾನ್ಸನ್ನೇ ಇಬ್ಭಾಗ ಮಾಡಿದ್ದ ದ್ರೇಫೂಸ್ ಪ್ರಕರಣದಲ್ಲಿ ಜಿಫಾರ್ ತಳೆದ ನಿಲುವು ಕೆಲವು ವಾಹನ ತಯಾರಕರಿಗೆ ಒಪ್ಪಿಗೆಯಾಗದೆ, ಅವರು ಬಂಡವಾಳ ಹೂಡಿ ಆರಂಭಿಸಿದ ಪತ್ರಿಕೆಯದು. ಸಂಪಾದಕನಾಗಿ ಬಂದವನು ಗಂಟೆಯ ದಾಖಲೆ ಮಾಡಿದ್ದ ಆಂರಿ ದೆಗ್ರಾಂಜ್. 1903ರ ಆರಂಭದಲ್ಲಿ ನ್ಯಾಯಾಲಯದ ತೀರ್ಪಿನಿಂದಾಗಿ ಹೆಸರನ್ನು 'ಲೋತೊ' ಎಂದು ಮೊಟಕುಗೊಳಿಸಬೇಕಾಗಿ ಬಂದ ಈ ಪತ್ರಿಕೆ, ಓದುಗರನ್ನು ಉಳಿಸಿಕೊಳ್ಳಲು ಫ್ರಾನ್ಸ್ ದೇಶವನ್ನೇ ಸುತ್ತುವ ಸ್ಪರ್ಧೆಯನ್ನು ಯೋಜಿಸಿತು. ಇದು ಇಂದಿಗೂ ನಡೆಯುತ್ತಿರುವ ಟೂರ್ ದ ಫ್ರಾನ್ಸ್.

1903ರ ಜುಲೈ 1ರಂದು 60 ಸವಾರರು ಹೊರಟರು. ಆರು ಹಂತಗಳಲ್ಲಿ 2,428 ಕಿಲೋಮೀಟರ್ ಹಾದಿ. ಕೊನೆಯವರೆಗೆ ಉಳಿದವರು 21 ಮಂದಿ. ಗೆದ್ದವನು ಮೊರಿಸ್ ಗರಾಂ. ಎರಡನೆಯವನಿಗಿಂತ ಎರಡು ಗಂಟೆ ಐವತ್ತೊಂಬತ್ತು ನಿಮಿಷ ಮುಂದೆ. 1901ರ ಬ್ರೆಸ್ಟ್ ಸ್ಪರ್ಧೆಯನ್ನು 52 ಗಂಟೆ 11 ನಿಮಿಷಗಳಲ್ಲಿ ಗೆದ್ದವನೂ ಇವನೇ. ಈ ಮೊದಲ ವರ್ಷದ ಒಂದು ಸಂಗತಿಯನ್ನು ಇತಿಹಾಸಕಾರರು ಮರಳಿ ಮರಳಿ ಹೇಳುತ್ತಾರೆ. ಪತ್ರಿಕೆಯ ಪ್ರತಿನಿಧಿ ಜೆಯೊ ಲೆಫೇವ್ರ್ ರೈಲಿನಲ್ಲಿಯೂ ಸೈಕಲ್ಲಿನಲ್ಲಿಯೂ ಸ್ಪರ್ಧೆಯನ್ನು ಹಿಂಬಾಲಿಸುತ್ತಿದ್ದ. ಪ್ಯಾರಿಸ್‌ನಿಂದ ಲಿಯೋಂವರೆಗಿನ 467 ಕಿಲೋಮೀಟರ್‌ಗಳ ಮೊದಲ ಹಂತದಲ್ಲಿ ಅವನು ರೈಲಿಳಿದು ಗುರಿಗೆ ಬರುವಷ್ಟರಲ್ಲಿ ಗರಾಂ ಆಗಲೇ ಬಂದು ತಲುಪಿಯಾಗಿತ್ತಂತೆ. ಸಾಕ್ಷಿಯೇ ಘಟನೆಗೆ ತಡವಾಗಿ ಬಂದ ಈ ಪ್ರಸಂಗ ನಮ್ಮ ಚರ್ಚೆಗೆ ಸಂಕೇತದಂತಿದೆ.

ಗರಾಂನ ಬಾಲ್ಯದ ಕುರಿತೂ ಒಂದು ಐತಿಹ್ಯವಿದೆ. ಇಟಲಿಯ ಆವೋಸ್ತಾ ಕಣಿವೆಯ ಬಡ ಕುಟುಂಬದ ಈ ಹುಡುಗನನ್ನು ತಂದೆ ಒಂದು ಗಾಲಿ ಗಿಣ್ಣಿಗೆ ಬದಲಾಗಿ ಹೊಗೆಗೂಡು ಗುಡಿಸುವವನಿಗೆ ಒಪ್ಪಿಸಿದ ಎಂಬುದು ಅದು. ಗರಾಂ ಹೊಗೆಗೂಡು ಗುಡಿಸುವ ಕೆಲಸ ಮಾಡಿದುದು ಸತ್ಯ. ಗಿಣ್ಣಿನ ವಿಚಾರ ಆಡುಮಾತಿನದು. ಆ ಕಣಿವೆಗಳ ಬಡ ಮಕ್ಕಳು ಇಂಥ ದುಡಿಮೆಗೆ ಗಡಿ ದಾಟುತ್ತಿದ್ದರು ಎಂಬ ಸಾಮಾಜಿಕ ಸತ್ಯವನ್ನು ಆ ಗಿಣ್ಣಿನ ಗಾಲಿ ಹೊತ್ತು ತಂದಿದೆ.

1904ರಲ್ಲಿ ಪ್ರಮಾಣದ ವ್ಯವಸ್ಥೆಯೇ ಕುಸಿಯಿತು. ಹಂತಗಳು ರಾತ್ರಿಯೂ ಸಾಗುತ್ತಿದ್ದುದರಿಂದ ಕತ್ತಲೆ ಎಲ್ಲ ಬಗೆಯ ಮೋಸಕ್ಕೂ ಅವಕಾಶವಾಯಿತು. ರಸ್ತೆಗೆ ಮೊಳೆಗಳು ಬಿದ್ದವು. ಸೇಂತ್-ಎತಿಯೆನ್ ಸಮೀಪ ಸ್ಥಳೀಯ ಸವಾರನ ಅಭಿಮಾನಿಗಳು ಗುಂಪುಗೂಡಿ ಉಳಿದವರ ಮೇಲೆ ಹಲ್ಲೆ ನಡೆಸಿದರು. ವರ್ಷದ ಕೊನೆಯಲ್ಲಿ ಫ್ರಾನ್ಸಿನ ಸೈಕಲ್ ಒಕ್ಕೂಟವು ಗರಾಂ ಸೇರಿದಂತೆ ಮೊದಲ ನಾಲ್ವರನ್ನೂ ಅನರ್ಹಗೊಳಿಸಿ, ಐದನೆಯವನಾಗಿದ್ದ ಹತ್ತೊಂಬತ್ತರ ಹರೆಯದ ಆಂರಿ ಕೋರ್ನೆಯನ್ನು ವಿಜೇತನೆಂದು ಘೋಷಿಸಿತು. ಈ ತೀರ್ಪಿಗೆ ಆಧಾರವಾದ ವಿಚಾರಣೆಯ ಕಡತಗಳು 1940ರಲ್ಲಿ ಜರ್ಮನ್ ಆಕ್ರಮಣಕ್ಕೆ ಹೆದರಿ ಪತ್ರಾಗಾರವನ್ನು ದಕ್ಷಿಣಕ್ಕೆ ಸಾಗಿಸುವಾಗ ಕಳೆದುಹೋದವೆಂದು ಸ್ಪರ್ಧೆಯ ಇತಿಹಾಸಕಾರರು ಹೇಳುತ್ತಾರೆ. ಗರಾಂ ರೈಲು ಹತ್ತಿದನೆಂಬ ಮಾತಿಗೆ ಇಂದು ಉಳಿದಿರುವುದು ಜನರ ಹೇಳಿಕೆಗಳು ಮಾತ್ರ. ಮುದುಕನಾದ ಗರಾಂ ಆ ವಿಷಯವನ್ನು ನಗುತ್ತಲೇ ಒಪ್ಪಿಕೊಳ್ಳುತ್ತಿದ್ದನೆಂದು, ಬಾಲ್ಯದಲ್ಲಿ ಅವನನ್ನು ಕಂಡಿದ್ದವರೊಬ್ಬರು ದಶಕಗಳ ಬಳಿಕ ನೆನಪಿಸಿಕೊಂಡಿದ್ದಾರೆ. ಕಡತ ಕಳೆದುಹೋದೆಡೆ ಬಾಯಿಮಾತು ಕಾವಲು ನಿಂತಿರುವುದನ್ನು ಇಲ್ಲಿ ಕಾಣುತ್ತೇವೆ.

ಕುಲುಮೆಯ ಕಥೆ ಮತ್ತು ಅದರ ಪಾಠಾಂತರಗಳು

ಸೈಕಲ್ ಸ್ಪರ್ಧೆಯ ಐತಿಹ್ಯಗಳಲ್ಲಿ ಅತ್ಯಂತ ವ್ಯಾಪಕವಾಗಿ ಹಬ್ಬಿರುವುದು ಯೂಜೆನ್ ಕ್ರಿಸ್ತೋಫನ ಫೋರ್ಕು ಮುರಿದ ಕಥೆ. 1913ರ ಟೂರ್ ದ ಫ್ರಾನ್ಸ್‌ನಲ್ಲಿ ಗೆಲ್ಲುವ ನಿರೀಕ್ಷೆಯಿದ್ದ ಈ ಸವಾರ ಪಿರೆನೀಸ್ ಪರ್ವತದ ತೂರ್ಮಾಲೆ ಕಣಿವೆಹಾದಿಯನ್ನು ಇಳಿಯುತ್ತಿದ್ದಾಗ ಸೈಕಲ್ಲಿನ ಮುಂದಿನ ಫೋರ್ಕು ಮುರಿಯಿತು. ಬೇರೆಯವರ ಸಹಾಯ ಪಡೆಯದೆ ಸವಾರನೇ ತನ್ನ ವಾಹನವನ್ನು ದುರಸ್ತಿ ಮಾಡಿಕೊಳ್ಳಬೇಕೆಂಬುದು ದೆಗ್ರಾಂಜನ ಕಟ್ಟುನಿಟ್ಟಿನ ನಿಯಮ. ಕ್ರಿಸ್ತೋಫ್ ಸೈಕಲ್ಲನ್ನು ಹೊತ್ತು ನಡೆದು ಸಾಂತ್-ಮಾರಿ-ದ-ಕಾಂಪಾಂ ಎಂಬ ಹಳ್ಳಿಯ ಕುಲುಮೆಯನ್ನು ತಲುಪಿದ. ಬೀಗ ತಯಾರಿಕೆಯ ಕೆಲಸ ಕಲಿತಿದ್ದ ಅವನು, ಕಮ್ಮಾರ ಬಾಯಲ್ಲಿ ಹೇಳಿಕೊಟ್ಟಂತೆ ತಾನೇ ಕಬ್ಬಿಣ ಕಾಯಿಸಿ, ಬಡಿದು, ಬೆಸೆದ. ಅಧಿಕಾರಿಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಎರಡೂ ಕೈಗಳು ಕೆಲಸದಲ್ಲಿದ್ದುದರಿಂದ ತಿದಿ ಒತ್ತಲು ಅಲ್ಲಿದ್ದ ಒಬ್ಬ ಹುಡುಗ ನೆರವಾದ. ಅದೇ ಅಪರಾಧವಾಗಿ ದಂಡ ಬಿದ್ದಿತು. ಗಂಟೆಗಟ್ಟಲೆ ಕಳೆದುಕೊಂಡರೂ ಕ್ರಿಸ್ತೋಫ್ ಸ್ಪರ್ಧೆಯನ್ನು ಬಿಡದೆ ಕೊನೆಗೆ ಏಳನೆಯವನಾಗಿ ಮುಗಿಸಿದ. ಗೆದ್ದವನು ಬೆಲ್ಜಿಯಂನ ಫಿಲಿಪ್ ತೀಸ್.

ಈ ಕಥೆಗೆ ಹಲವು ಪಾಠಾಂತರಗಳಿವೆ. ನಡೆದ ದೂರ ಒಂದು ಪಾಠದಲ್ಲಿ 10 ಕಿಲೋಮೀಟರ್, ಇನ್ನೊಂದರಲ್ಲಿ 14. ದಂಡ 10 ನಿಮಿಷವೆಂದು ಕೆಲವರು, ಅದನ್ನು 3ಕ್ಕೆ ಇಳಿಸಲಾಯಿತೆಂದು ಕೆಲವರು ಹೇಳುತ್ತಾರೆ. ಫೋರ್ಕು ಮುರಿಯಲು ಮೋಟಾರು ಗಾಡಿ ತಗುಲಿದುದೇ ಕಾರಣವೆಂದು ಕೆಲವು ಪಾಠಗಳಲ್ಲಿದೆ. ತಾನಾಗಿ ಮುರಿಯಿತೆಂದು ಉಳಿದವುಗಳಲ್ಲಿದೆ. ಊಟಕ್ಕೆ ಹೋಗಿಬರಲು ಬಯಸಿದ ಅಧಿಕಾರಿಗಳಿಗೆ ಕ್ರಿಸ್ತೋಫ್ ಹಸಿವಾದರೆ ಇದ್ದಿಲು ತಿನ್ನಿರೆಂದು ಗದರಿದನೆಂಬುದು ಮತ್ತೊಂದು ಸೇರ್ಪಡೆ. ಇಷ್ಟೆಲ್ಲ ಬದಲಾದರೂ ಮೂರು ಅಂಶಗಳು ಎಲ್ಲ ಪಾಠಗಳಲ್ಲೂ ಸ್ಥಿರವಾಗಿವೆ: ಹಳ್ಳಿಯ ಕುಲುಮೆ, ನೋಡುತ್ತ ನಿಂತ ಅಧಿಕಾರ ಮತ್ತು ತಿದಿ ಒತ್ತಿದ ಹುಡುಗ. ನಿಯಮದ ಕಣ್ಣಿಗೆ ಅಪರಾಧವಾದ ಆ ನೆರವು ಕೇಳುಗರ ಕಣ್ಣಿಗೆ ಅತ್ಯಂತ ಸಹಜವಾದ ಮಾನವೀಯತೆ. ಕಥೆ ಸ್ಪರ್ಧೆಯ ತೀರ್ಪನ್ನು ಅಲ್ಲಗಳೆಯುವುದಿಲ್ಲ. ಅದರ ಪಕ್ಕದಲ್ಲಿ ಜನರ ತೀರ್ಪನ್ನು ಇಡುತ್ತದೆ.

ಜಾನಪದ ವಿದ್ವಾಂಸ ಆಕ್ಸೆಲ್ ಓಲ್ರಿಕ್ ಜನಪದ ಕಥನದ ನಿಯಮಗಳಲ್ಲಿ ಮೂರರ ಆವರ್ತನವನ್ನು ಮುಖ್ಯವಾಗಿ ಗುರುತಿಸಿದ್ದಾನೆ. ಕ್ರಿಸ್ತೋಫನ ಬದುಕಿನಲ್ಲಿ ಫೋರ್ಕು ಮುರಿದುದೂ ಮೂರು ಬಾರಿ. 1919ರಲ್ಲಿ ಟೂರ್ ದ ಫ್ರಾನ್ಸ್‌ನ ಮೊತ್ತಮೊದಲ ಹಳದಿ ಅಂಗಿಯನ್ನು ತೊಟ್ಟು ಮುನ್ನಡೆಯಲ್ಲಿದ್ದಾಗ ಕೊನೆಯ ಹಂತಗಳಲ್ಲಿ ಒಮ್ಮೆ, 1922ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಮತ್ತೊಮ್ಮೆ. ಇದು ಯಾರೂ ಕಟ್ಟಿದ ಕಥೆಯಲ್ಲ, ನಡೆದ ಸಂಗತಿ. ವಾಸ್ತವವೇ ಕಥನದ ನಿಯಮಕ್ಕೆ ಹೊಂದಿಕೊಂಡಾಗ ನೆನಪು ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಕ್ರಿಸ್ತೋಫ್ ಒಮ್ಮೆಯೂ ಟೂರ್ ದ ಫ್ರಾನ್ಸ್ ಗೆಲ್ಲಲಿಲ್ಲ. ಆದರೂ ಗೆದ್ದ ಅನೇಕರ ಹೆಸರು ಮರೆತವರಿಗೂ ಅವನ ಹೆಸರು ನೆನಪಿದೆ; ಆ ಹಳ್ಳಿಯಲ್ಲಿ ಸ್ಮಾರಕ ಫಲಕವೂ ಇದೆ.

ಸ್ಪರ್ಧೆಯಿಂದ ಸಹಪಯಣಕ್ಕೆ

1891ರ ಪುಸ್ತಿಕೆಗೆ ಇನ್ನೊಂದು ಬಾಳುವೆಯೂ ಇತ್ತು. 1897ರ ಜೂನ್ 12ರಂದು ಇಟಲಿಯ ಕೆಲವು ಸವಾರರು ರೋಮ್‌ನಿಂದ ನೇಪಲ್ಸ್‌ವರೆಗಿನ ಸುಮಾರು 230 ಕಿಲೋಮೀಟರ್ ದೂರವನ್ನು ಸೂರ್ಯೋದಯ ಮತ್ತು ಸೂರ್ಯಾಸ್ತಗಳ ನಡುವೆ ಕ್ರಮಿಸಿದರು. 'ಸಾಹಸಿ' ಎಂಬರ್ಥದ 'ಆಡಾಕ್ಸ್' ಎಂಬ ಲ್ಯಾಟಿನ್ ಪದ ಈ ಬಗೆಯ ಸವಾರಿಗೆ ಹೆಸರಾಯಿತು. ಮೊದಲಿಗನಾಗುವ ಹಂಬಲವಿಲ್ಲದೆ, ಗೊತ್ತುಪಡಿಸಿದ ಕಾಲದೊಳಗೆ ದೂರವನ್ನು ಮುಗಿಸುವುದೇ ಇಲ್ಲಿಯ ಗುರಿ. ಬ್ರೆಸ್ಟ್ ಹಾದಿಯಲ್ಲಿ ವೃತ್ತಿಪರರ ಪಂದ್ಯ 1951ರಲ್ಲಿ ಕೊನೆಯ ಬಾರಿಗೆ ನಡೆಯಿತು. 1931ರಲ್ಲಿ ಅದರ ಜೊತೆಗೆ ಆರಂಭವಾದ ಹವ್ಯಾಸಿಗಳ ಸವಾರಿ ಇಂದಿಗೂ ಉಳಿದು, ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತಿದೆ. 90 ಗಂಟೆಗಳ ಗರಿಷ್ಠ ಕಾಲಮಿತಿಯ ಈ ಸವಾರಿಗೆ 2023ರಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಮಹಿಳೆಯರಿಗೂ ಇಲ್ಲಿ ಪುಸ್ತಿಕೆ ದೊರೆಯುತ್ತದೆ.

ಈ ಸವಾರಿಗೆ ಅರ್ಹತೆ ಪಡೆಯಲು 200, 300, 400 ಮತ್ತು 600 ಕಿಲೋಮೀಟರ್‌ಗಳ ಸವಾರಿಗಳನ್ನು ಪೂರೈಸಿರಬೇಕು. 'ಬ್ರೆವೆ' ಎಂದು ಕರೆಯಲಾಗುವ ಇವು ಬೆಂಗಳೂರಿನಿಂದಲೂ ಹೊರಡುತ್ತವೆ. ಕರ್ನಾಟಕದ ಸವಾರರು ಇವುಗಳ ಮೂಲಕ ಬ್ರೆಸ್ಟ್ ಹಾದಿಯನ್ನು ತುಳಿದಿದ್ದಾರೆ. ತಪಾಸಣೆ ಕೇಂದ್ರವಿಲ್ಲದ ಎಡೆಗಳಲ್ಲಿ ಎಟಿಎಂ ಚೀಟಿ ಅಥವಾ ಪೆಟ್ರೋಲ್ ಬಂಕಿನ ರಸೀದಿಯನ್ನೇ ಪ್ರಮಾಣವಾಗಿ ಇಟ್ಟುಕೊಳ್ಳುವ ರೂಢಿ ಇಲ್ಲಿ ಬೆಳೆದಿತ್ತು. ಜಿಫಾರ್ ರೂಪಿಸಿದ ಮುದ್ರೆ ಹೀಗೆ ನಮ್ಮ ಹೆದ್ದಾರಿಯ ಬದಿಗೂ ಬಂದು ತಲುಪಿದೆ.

ಇದೇ ನಾಡಿನಲ್ಲಿ ಇದಕ್ಕಿಂತ ಮೊದಲೇ ಇದ್ದ ಇನ್ನೊಂದು ಬಗೆಯ ದೀರ್ಘ ಸವಾರಿಯನ್ನು ಇಲ್ಲಿ ಮರೆಯಲಾಗದು. ಊರ ಬಯಲಿನಲ್ಲಿ ಕಂಬ ನೆಟ್ಟು, ದೀಪ ಕಟ್ಟಿ, ಧ್ವನಿವರ್ಧಕದಲ್ಲಿ ಹಾಡು ಹಾಕಿ, ಹಲವು ಹಗಲು ರಾತ್ರಿ ಕಾಲು ನೆಲಕ್ಕೆ ಊರದೆ ಸೈಕಲ್ ತುಳಿಯುತ್ತಿದ್ದ ಪ್ರದರ್ಶಕರನ್ನು ಈ ಲೇಖಕ ಬಾಲ್ಯದಲ್ಲಿ ಕಂಡಿದ್ದುಂಟು. ಸವಾರಿ ನಡೆಯುತ್ತಿರುವಂತೆಯೇ ಸ್ನಾನ, ಊಟಗಳೂ ಆಗುತ್ತಿದ್ದವು. ಮೆಚ್ಚಿದವರು ಅಂಗಿಗೆ ನೋಟು ಚುಚ್ಚುತ್ತಿದ್ದರು. ಅವರು ಎಷ್ಟು ಗಂಟೆ ತುಳಿದರು, ಎಷ್ಟು ದೂರವಾಯಿತು ಎಂಬುದನ್ನು ಯಾರೂ ಬರೆದಿಡಲಿಲ್ಲ. ನಡುರಾತ್ರಿಯಲ್ಲಿ ಇಳಿದು ಮಲಗುತ್ತಾನೆಂದು ಅನುಮಾನಿಸಿ ಕಾಯ್ದು ಕುಳಿತವರ ಕಥೆಗಳು ಮಾತ್ರ ಹಿರಿಯರ ಬಾಯಲ್ಲಿವೆ. ಪ್ಯಾರಿಸ್ಸಿನ ಮೊಹರಿನ ಹಿಂದಿದ್ದುದೂ ಇದೇ ಅನುಮಾನ.

ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ದೀರ್ಘದೂರ ಸೈಕಲ್ ಸ್ಪರ್ಧೆಯ ದಾಖಲೆ ಎಂಬುದು ಸವಾರನ ಕಾಲಿನಿಂದ ಮಾತ್ರ ಹುಟ್ಟಿದುದಲ್ಲ. ಅದನ್ನು ನಂಬಲು ಸಮಾಜ ಮಾಡಿಕೊಂಡ ಏರ್ಪಾಟಿನಿಂದಲೂ ಹುಟ್ಟಿದುದು. ಆ ಏರ್ಪಾಟಿಗೆ ವ್ಯಾಪಾರದ ಉದ್ದೇಶವಿತ್ತು, ಒಳಗೆ ಬಿಡುವ ಹೊರಗಿಡುವ ಪಕ್ಷಪಾತವೂ ಇತ್ತು. ಮುದ್ರೆ ಕಾಲವನ್ನು ಕರಾರುವಾಕ್ಕಾಗಿ ಉಳಿಸಿತು. ಮಲಗಿದವನ ಎಡವಟ್ಟನ್ನು, ಬಡ ಬಾಲಕನ ಬೆಲೆಯನ್ನು, ತಿದಿ ಒತ್ತಿದ ಕೈಯನ್ನು ಉಳಿಸಿದುದು ಐತಿಹ್ಯ. ಸಂಶೋಧಕನಿಗೆ ಇವೆರಡೂ ಆಕರಗಳೇ. ಎರಡನ್ನೂ ಒಂದೇ ಬಗೆಯ ಅನುಮಾನದಿಂದಲೂ ಒಂದೇ ಬಗೆಯ ಗೌರವದಿಂದಲೂ ಓದಬೇಕಾಗಿದೆ.

ಫ್ರಾನ್ಸಿನಲ್ಲಿ ಪತ್ರಿಕೆಗಳಿದ್ದುದರಿಂದ ಅಲ್ಲಿಯ ಐತಿಹ್ಯಗಳನ್ನು ಇಂದು ದಾಖಲೆಯ ಪಕ್ಕದಲ್ಲಿಟ್ಟು ಹೋಲಿಸಬಹುದು. ನಮ್ಮಲ್ಲಿ ಊರ ಬಯಲಿನಲ್ಲಿ ಸೈಕಲ್ ತುಳಿದವರಿಗೆ ಪುಸ್ತಿಕೆಯೂ ಇರಲಿಲ್ಲ, ಪತ್ರಿಕೆಯೂ ಇರಲಿಲ್ಲ. ಅವರಲ್ಲಿ ಹಲವರು ಈಗ ವೃದ್ಧರು. ಬಾಡಿಗೆ ಸೈಕಲ್ ಅಂಗಡಿಗಳವರ ನೆನಪುಗಳೂ ಅಂಗಡಿಗಳೊಂದಿಗೆ ಮುಚ್ಚಿಹೋಗುತ್ತಿವೆ. ಹಾಡು, ಕಥೆ, ಗಾದೆಗಳನ್ನು ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಈ ನೆನಪುಗಳನ್ನು ಸಂಗ್ರಹಿಸುವ ಕ್ಷೇತ್ರಕಾರ್ಯ ತುರ್ತಾಗಿ ನಡೆಯಬೇಕಾಗಿದೆ. ಆ ಸವಾರರ ಮಟ್ಟಿಗೆ ಕೇಳಿ ಬರೆದುಕೊಂಡ ಮಾತೇ ಉಳಿಯುವ ದಾಖಲೆ.